ಏಲಿಯನ್ಸ್ (ಚಲನಚಿತ್ರ, 1986)

‘ಏಲಿಯನ್ಸ್’ ಜೇಮ್ಸ್ ಕ್ಯಾಮರಾನ್ ಬರೆದು ನಿರ್ದೇಶಿಸಿದ ಸೇನಾ ವೈಜ್ಞಾನಿಕ ಚಲನಚಿತ್ರ. ರಿಡ್ಲಿ ಸ್ಕಾಟ್ ನಿರ್ದೇಶನದ ‘ಏಲಿಯನ್’ (1979) ಚಿತ್ರದ ಉತ್ತರಭಾಗವಾದ ಇದನ್ನು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ 1986ರ ಜುಲೈ 18ರಂದು ಅಮೆರಿಕದಲ್ಲಿ ಬಿಡುಗಡೆ ಮಾಡಿತು. ನಿರ್ಮಾಪಕಿ ಗೇಲ್ ಆನ್ ಹರ್ಡ್. ಮುಖ್ಯ ಪಾತ್ರವಾದ ಎಲೆನ್ ರಿಪ್ಲಿಯಾಗಿ ಸಿಗೋರ್ನಿ ವೀವರ್ ಎರಡನೇ ಬಾರಿ ನಟಿಸಿದರು. ಮೊದಲ ಚಿತ್ರ ಬಾಹ್ಯಾಕಾಶದಲ್ಲಿ ನಡೆಯುವ ಭಯಾನಕ ಕಥೆ, ಎರಡನೆಯದು ಯುದ್ಧಚಿತ್ರ. ಕಥೆ, ನಾಯಕಿ ಮತ್ತು ಜೀವಿಯನ್ನು ಮುಂದುವರಿಸಿಕೊಂಡೇ ಪ್ರಕಾರವನ್ನು ಬದಲಿಸಿದ ಉತ್ತರಭಾಗಗಳ ಚರ್ಚೆಯಲ್ಲಿ ಇದನ್ನು ಮಾದರಿಯಾಗಿ ಹೆಸರಿಸುವುದು ವಾಡಿಕೆ.

ಈ ಲೇಖನದಲ್ಲಿ ‘ಅನ್ಯಜೀವಿ’ ಎಂದರೆ ಎರಡೂ ಚಿತ್ರಗಳಲ್ಲಿ ಬರುವ ಪರಾವಲಂಬಿ ಪ್ರಾಣಿ. ‘ಜೀನೊಮಾರ್ಫ್’ ಎಂಬ ಹೆಸರು ‘ಏಲಿಯನ್ಸ್’ನ ಸಂಭಾಷಣೆಯಲ್ಲಿ ಮೊದಲು ಬಂದು ನಂತರ ರೂಢಿಯಾಯಿತು. ‘ಕಂಪನಿ’ ಎಂದರೆ ಕಥೆಯಲ್ಲಿನ ವೇಲ್ಯಾಂಡ್-ಯುಟಾನಿ ಎಂಬ ಕಾಲ್ಪನಿಕ ಉದ್ಯಮ.

ಪೂರ್ವಭಾಗ

ಡಾನ್ ಓ’ಬ್ಯಾನನ್ ಮತ್ತು ರೊನಾಲ್ಡ್ ಶೂಸೆಟ್ ಹೆಣೆದ ಕಥೆಯನ್ನು ಆಧರಿಸಿದ ‘ಏಲಿಯನ್’ 1979ರ ಮೇ ತಿಂಗಳಲ್ಲಿ ತೆರೆಕಂಡಿತು. ನೊಸ್ಟ್ರೊಮೊ ಎಂಬ ಸರಕು ಸಾಗಣೆಯ ಬಾಹ್ಯಾಕಾಶ ನೌಕೆ, ಅದರಲ್ಲಿ ಏಳು ಜನ ಸಿಬ್ಬಂದಿ ಮತ್ತು ಒಂದು ಬೆಕ್ಕು, ಒಳಗೆ ನುಸುಳಿದ ಒಂದೇ ಒಂದು ಅನ್ಯಜೀವಿ: ಚಿತ್ರದ ಸಾಮಗ್ರಿ ಇಷ್ಟೇ. ಸಿಬ್ಬಂದಿ ಯೋಧರಲ್ಲ, ಸಂಬಳ, ಬೋನಸ್ಸಿನ ಪಾಲಿಗಾಗಿ ಜಗಳವಾಡುವ ಕೂಲಿಗಳು. ಅವರ ಬಳಿ ಸರಿಯಾದ ಆಯುಧವೂ ಇಲ್ಲ. ಸ್ವಿಟ್ಜರ್ಲೆಂಡಿನ ಕಲಾವಿದ ಎಚ್. ಆರ್. ಗೀಗರ್ ರೂಪಿಸಿದ ಜೀವಿಯನ್ನು ಸ್ಕಾಟ್ ಬಹುಮಟ್ಟಿಗೆ ಪೂರ್ತಿಯಾಗಿ ತೋರಿಸಲಿಲ್ಲ. ಒಮ್ಮೆ ಬಾಯಿ, ಒಮ್ಮೆ ಬಾಲ, ಒಮ್ಮೆ ಕತ್ತಲಲ್ಲಿ ಕದಲಿದ ಒಂದು ಆಕಾರ, ಅಷ್ಟೇ. ಕೊನೆಯಲ್ಲಿ ಉಳಿಯುವವರು ರಿಪ್ಲಿ ಮತ್ತು ಬೆಕ್ಕು. ಚಿತ್ರಕ್ಕೆ ದೃಶ್ಯಪರಿಣಾಮದ ಆಸ್ಕರ್ ದೊರೆಯಿತು.

ಗೆದ್ದ ಚಿತ್ರವಾದರೂ ಮುಂದಿನ ಭಾಗ ಏಳು ವರ್ಷ ತಡವಾಯಿತು. ಬ್ರ್ಯಾಂಡಿವೈನ್ ನಿರ್ಮಾಣ ಸಂಸ್ಥೆಯ ಡೇವಿಡ್ ಗೈಲರ್ ಮತ್ತು ವಾಲ್ಟರ್ ಹಿಲ್ ಅವರಿಗೆ ಉತ್ತರಭಾಗ ಬೇಕಿತ್ತು, ಆದರೆ ಫಾಕ್ಸ್ ಆಡಳಿತ ಬದಲಾಗುತ್ತಲೇ ಇತ್ತು, ಉತ್ಸಾಹ ಏರಿಳಿಯುತ್ತಿತ್ತು.

ರಚನೆಯ ಹಿನ್ನೆಲೆ

1983ರಲ್ಲಿ ಕ್ಯಾಮರಾನ್ ‘ದ ಟರ್ಮಿನೇಟರ್’ ಚಿತ್ರದ ಸಿದ್ಧತೆಯಲ್ಲಿದ್ದರು. ನಾಯಕ ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಬೇರೊಂದು ಚಿತ್ರಕ್ಕೆ ಬದ್ಧರಾಗಿದ್ದ ಕಾರಣ ಚಿತ್ರೀಕರಣ ತಿಂಗಳುಗಟ್ಟಲೆ ಮುಂದೆ ಹೋಯಿತು. ಆ ಬಿಡುವಿನಲ್ಲಿ ಕ್ಯಾಮರಾನ್ ಎರಡು ಉತ್ತರಭಾಗಗಳ ಬರವಣಿಗೆ ಒಪ್ಪಿಕೊಂಡರು. ಒಂದು ‘ಏಲಿಯನ್ಸ್’. ಇನ್ನೊಂದು ವಿಯೆಟ್ನಾಂಗೆ ಮರಳುವ ಮಾಜಿ ಸೈನಿಕನ ಕಥೆಯಾದ ‘ರ್‍ಯಾಂಬೊ: ಫಸ್ಟ್ ಬ್ಲಡ್ ಪಾರ್ಟ್ 2’ (1985). ಎರಡಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ: ಎರಡರಲ್ಲೂ ಭೀಕರ ಅನುಭವವೊಂದರಿಂದ ಪಾರಾಗಿ ಬಂದ ವ್ಯಕ್ತಿ ಅದೇ ಜಾಗಕ್ಕೆ ಮರಳಿ ಹೋಗಬೇಕಾಗುತ್ತದೆ, ಎರಡರಲ್ಲೂ ಅವರನ್ನು ಕಳುಹಿಸುವವರ ಮಾತಿನಲ್ಲಿ ಸುಳ್ಳಿದೆ.

ಸೇನಾ ವೈಜ್ಞಾನಿಕ ಕಥನ ಎಂಬ ಪ್ರಕಾರ ಅಷ್ಟು ಹೊತ್ತಿಗೆ ಪುಸ್ತಕಗಳಲ್ಲಿ ಬೇರೂರಿತ್ತು. ರಾಬರ್ಟ್ ಹೈನ್‌ಲೈನ್ ಅವರ ‘ಸ್ಟಾರ್‌ಶಿಪ್ ಟ್ರೂಪರ್ಸ್’ (1959) ಕೀಟಗಳಂಥ ಶತ್ರುವಿನ ಮೇಲೆ ಕವಚಧಾರಿ ಪದಾತಿದಳ ನಡೆಸುವ ಯುದ್ಧವನ್ನು ಕರ್ತವ್ಯದ ಪಾಠವಾಗಿ ಬರೆದರೆ, ವಿಯೆಟ್ನಾಂನಲ್ಲಿ ಸ್ವತಃ ಹೋರಾಡಿದ ಜೋ ಹಾಲ್ಡಮನ್ ‘ದ ಫಾರೆವರ್ ವಾರ್’ (1974) ಕಾದಂಬರಿಯಲ್ಲಿ ಅದೇ ಚೌಕಟ್ಟಿನೊಳಗೆ ಯುದ್ಧದ ನಿರರ್ಥಕತೆಯನ್ನು ತೋರಿಸಿದರು. ‘ಏಲಿಯನ್ಸ್’ ಹೊರನೋಟಕ್ಕೆ ಹೈನ್‌ಲೈನ್ ಕಡೆಗೆ ವಾಲುತ್ತದೆ. ಸೈನಿಕರ ಪಾತ್ರ ವಹಿಸಿದವರು ಆ ಕಾದಂಬರಿಯನ್ನು ಓದಬೇಕೆಂದು ಕ್ಯಾಮರಾನ್ ಹೇಳಿದ್ದರು. ಕಥೆ ಸಾಗುವ ದಿಕ್ಕು ಮಾತ್ರ ಹಾಲ್ಡಮನ್‌ಗೆ ಹತ್ತಿರ: ಅತ್ಯಾಧುನಿಕ ಸಜ್ಜಿನ ಪಡೆ ತನಗೆ ಪರಿಚಯವಿಲ್ಲದ ನೆಲಕ್ಕೆ ಇಳಿದು, ಹೀನವೆಂದು ತಾನು ಎಣಿಸಿದ ಶತ್ರುವಿನ ಕೈಯಲ್ಲಿ ಕೆಲವೇ ನಿಮಿಷಗಳಲ್ಲಿ ಚದುರಿಹೋಗುತ್ತದೆ. ವಿಯೆಟ್ನಾಂ ಯುದ್ಧವೇ ತಮ್ಮ ಮನಸ್ಸಿನಲ್ಲಿದ್ದ ಮಾದರಿ ಎಂದು ಕ್ಯಾಮರಾನ್ ಹೇಳಿಕೊಂಡಿದ್ದಾರೆ.

ಚಿತ್ರಕಥೆ ಪೂರ್ತಿಯಾಗುವ ಮೊದಲೇ ‘ದ ಟರ್ಮಿನೇಟರ್’ ಕೆಲಸ ಶುರುವಾಯಿತು. ಫಾಕ್ಸ್ ಕಾಯಲು ಒಪ್ಪಿತು. 1984ರಲ್ಲಿ ಆ ಚಿತ್ರ ಗೆದ್ದ ಮೇಲೆ ‘ಏಲಿಯನ್ಸ್’ನ ನಿರ್ದೇಶನವೂ ಕ್ಯಾಮರಾನ್ ಪಾಲಿಗೆ ಬಂತು. ಕಥೆಯ ಶ್ರೇಯದಲ್ಲಿ ಗೈಲರ್ ಮತ್ತು ಹಿಲ್ ಹೆಸರುಗಳೂ ಇವೆ. ತಮ್ಮ ಹಳೆಯ ಅಪ್ರಕಟಿತ ಕಥೆ ‘ಮದರ್’ನಿಂದ ಕ್ಯಾಮರಾನ್ ಕೆಲವು ಅಂಶಗಳನ್ನು ಇಲ್ಲಿಗೆ ತಂದರು, ಮನುಷ್ಯ ಒಳಗೆ ನಿಂತು ನಡೆಸುವ, ಭಾರ ಎತ್ತುವ ಯಂತ್ರ ಅವುಗಳಲ್ಲಿ ಒಂದು. ಇಷ್ಟೆಲ್ಲ ನಡೆಯುವಾಗ ವೀವರ್ ಜೊತೆ ಒಪ್ಪಂದವೇ ಆಗಿರಲಿಲ್ಲ. ಅವರ ಸಂಭಾವನೆಯ ವಿಷಯ ಎಳೆದಾಡಿ, ರಿಪ್ಲಿ ಇಲ್ಲದ ಕಥೆಯೊಂದನ್ನು ಯೋಚಿಸುವ ಮಾತೂ ಬಂದು, ಕೊನೆಗೆ ಸುಮಾರು 10 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು.

ಕಥಾಸಾರ

ನೊಸ್ಟ್ರೊಮೊದಿಂದ ತಪ್ಪಿಸಿಕೊಂಡ ರಿಪ್ಲಿ ಶೀತನಿದ್ರೆಯಲ್ಲಿ 57 ವರ್ಷ ತೇಲಾಡಿದ ಬಳಿಕ ಪತ್ತೆಯಾಗುತ್ತಾಳೆ. ಕಂಪನಿಯ ವಿಚಾರಣಾ ಮಂಡಳಿಗೆ ಅವಳು ಕಂಡ ಜೀವಿಗಿಂತ ಅವಳು ಸ್ಫೋಟಿಸಿದ ನೌಕೆಯ ಬೆಲೆ ಮುಖ್ಯ. ಪೈಲಟ್ ಪರವಾನಗಿ ಅಮಾನತಾಗಿ ಅವಳು ಸರಕು ಕಟ್ಟೆಯಲ್ಲಿ ಯಂತ್ರ ಓಡಿಸುವ ಕೆಲಸಕ್ಕೆ ಸೇರುತ್ತಾಳೆ. ಅನ್ಯಜೀವಿಯ ಮೊಟ್ಟೆಗಳಿದ್ದ ಎಲ್‌ವಿ-426 ಎಂಬ ಉಪಗ್ರಹದಲ್ಲಿ ಈಗ ಹ್ಯಾಡ್ಲೀಸ್ ಹೋಪ್ ಎಂಬ ವಸಾಹತು ಎದ್ದಿದೆ; ವಾತಾವರಣವನ್ನು ಮನುಷ್ಯರಿಗೆ ಒಗ್ಗಿಸುವ ಬೃಹತ್ ಸ್ಥಾವರವನ್ನು ನಡೆಸುವ ಕುಟುಂಬಗಳು ಅಲ್ಲಿ ವಾಸಿಸುತ್ತಿವೆ. ಅಲ್ಲಿಂದ ಸಂಪರ್ಕ ಕಡಿದಾಗ ಕಂಪನಿಯ ಅಧಿಕಾರಿ ಕಾರ್ಟರ್ ಬರ್ಕ್ (ಪಾಲ್ ರೈಸರ್) ಸಲಹೆಗಾರ್ತಿಯಾಗಿ ಬರಲು ರಿಪ್ಲಿಯನ್ನು ಒಪ್ಪಿಸುತ್ತಾನೆ. ಜೊತೆಗೆ ಬರುವುದು ವಸಾಹತು ನೌಕಾಪಡೆಯ ಯೋಧರ ಒಂದು ತುಕಡಿ, ಅವರ ನೌಕೆ ಸುಲಾಕೊ.

ವಸಾಹತು ಖಾಲಿಯಾಗಿದೆ. ಉಳಿದವಳು ಗಾಳಿಕೊಳವೆಗಳಲ್ಲಿ ಅಡಗಿಕೊಂಡಿದ್ದ ನ್ಯೂಟ್ (ಕ್ಯಾರಿ ಹೆನ್) ಎಂಬ ಪುಟ್ಟ ಹುಡುಗಿ ಮಾತ್ರ. ಸ್ಥಾವರದ ತಳದಲ್ಲಿ ಅನ್ಯಜೀವಿಗಳ ಗೂಡು ಸಿಗುತ್ತದೆ. ಅಲ್ಲಿ ನಡೆದ ದಾಳಿಯಲ್ಲಿ ತುಕಡಿಯ ಬಹುಪಾಲು ನಾಶವಾಗುತ್ತದೆ. ಅನುಭವವಿಲ್ಲದ ಲೆಫ್ಟಿನೆಂಟ್ ಗೊರ್ಮನ್ ಮರಗಟ್ಟಿ ಕುಳಿತಾಗ ರಿಪ್ಲಿಯೇ ಕವಚವಾಹನ ಓಡಿಸಿ ಉಳಿದವರನ್ನು ಹೊರತರುತ್ತಾಳೆ. ನೌಕೆಯಿಂದ ಇಳಿದ ವಿಮಾನ ಪತನಗೊಂಡು, ಹಾನಿಗೊಂಡ ಸ್ಥಾವರ ಕೆಲವೇ ಗಂಟೆಗಳಲ್ಲಿ ಸ್ಫೋಟಿಸುವುದು ಖಚಿತವಾಗುತ್ತದೆ. ವಸಾಹತಿನವರನ್ನು ಮೊಟ್ಟೆಗಳತ್ತ ಕಳುಹಿಸಿದ್ದು ಬರ್ಕ್‌ನೇ ಎಂಬುದು ಬಯಲಾಗುತ್ತದೆ. ರಿಪ್ಲಿ ಮತ್ತು ನ್ಯೂಟ್ ದೇಹಗಳಲ್ಲಿ ಭ್ರೂಣ ಅಡಗಿಸಿ ಭೂಮಿಗೆ ಸಾಗಿಸುವುದು ಅವನ ಹಂಚಿಕೆ. ಕಡೆಗೆ ರಿಪ್ಲಿ ಅಪಹೃತಳಾದ ನ್ಯೂಟ್‌ಳನ್ನು ಹುಡುಕಿ ಒಬ್ಬಳೇ ಗೂಡಿಗೆ ಇಳಿಯುತ್ತಾಳೆ, ಮೊಟ್ಟೆಯಿಡುವ ರಾಣಿಯನ್ನು ಎದುರಿಸುತ್ತಾಳೆ, ಸುಲಾಕೊ ನೌಕೆಯ ಸರಕು ಅಂಕಣದಲ್ಲಿ ಭಾರ ಎತ್ತುವ ಯಂತ್ರದೊಳಗೆ ನಿಂತು ರಾಣಿಯನ್ನು ಹೊರಗೆ ತಳ್ಳುತ್ತಾಳೆ. ರಿಪ್ಲಿ, ನ್ಯೂಟ್, ಗಾಯಗೊಂಡ ಕಾರ್ಪೊರಲ್ ಹಿಕ್ಸ್ (ಮೈಕೆಲ್ ಬೀನ್) ಮತ್ತು ತುಂಡಾದ ಯಂತ್ರಮಾನವ ಬಿಷಪ್ (ಲಾನ್ಸ್ ಹೆನ್ರಿಕ್ಸನ್) ಶೀತನಿದ್ರೆಗೆ ಮರಳುತ್ತಾರೆ.

ಮೊದಲ ಚಿತ್ರದ ನೌಕೆಗೂ ಎರಡನೆಯದಕ್ಕೂ ಹೆಸರು ಬಂದಿರುವುದು ಜೋಸೆಫ್ ಕಾನ್ರಾಡ್ ಅವರಿಂದ: ‘ನೊಸ್ಟ್ರೊಮೊ’ ಅವರ ಕಾದಂಬರಿ, ಸುಲಾಕೊ ಅದರಲ್ಲಿ ಬರುವ ಊರು.

ಶೈಲಿಯ ಪಲ್ಲಟ

ಎರಡು ಚಿತ್ರಗಳ ವ್ಯತ್ಯಾಸವನ್ನು ಸಾಮಾನ್ಯವಾಗಿ ‘ಒಂದು ಜೀವಿ, ಅನೇಕ ಜೀವಿಗಳು’ ಎಂಬ ಲೆಕ್ಕದಲ್ಲಿ ಹೇಳಿಬಿಡುವುದುಂಟು. ಹೆಸರಿನ ಬಹುವಚನ ಆ ಲೆಕ್ಕಕ್ಕೆ ಇಂಬು ಕೊಟ್ಟಿದೆ. ವ್ಯತ್ಯಾಸ ಅದಕ್ಕಿಂತ ಆಳದ್ದು. ಮೊದಲ ಚಿತ್ರದ ಪ್ರಶ್ನೆ ‘ಇದೇನು?’ ಎಂಬುದು. ಪ್ರೇಕ್ಷಕರಿಗೆ ಉತ್ತರ ಈಗಾಗಲೇ ಗೊತ್ತಿರುವಾಗ ಅದೇ ಪ್ರಶ್ನೆಯನ್ನು ಮತ್ತೆ ಕೇಳುವಂತಿಲ್ಲ. ಆದ್ದರಿಂದ ಎರಡನೆಯದು ‘ಇದನ್ನು ಎದುರಿಸುವುದು ಹೇಗೆ?’ ಎಂದು ಕೇಳುತ್ತದೆ. ಈ ಪ್ರಶ್ನೆ ಹುಟ್ಟಿದೊಡನೆ ಕಥೆಗೆ ಆಯುಧ, ಆಜ್ಞಾಕ್ರಮ, ನಕ್ಷೆ, ಮದ್ದುಗುಂಡಿನ ಲೆಕ್ಕ ಎಲ್ಲವೂ ಬೇಕಾಗುತ್ತವೆ. ಪ್ರಕಾರ ತಾನಾಗಿ ಬದಲಾಗುತ್ತದೆ.

ಅನ್ಯಜೀವಿಯ ಮೊದಲ ದೊಡ್ಡ ದಾಳಿ ‘ಏಲಿಯನ್ಸ್’ನಲ್ಲಿಯೂ ಸುಮಾರು ಒಂದು ಗಂಟೆ ಕಾಯಿಸಿಯೇ ಬರುತ್ತದೆ. ಕಾಯಿಸುವ ಬಗೆ ಬೇರೆ. ಸ್ಕಾಟ್ ಮೌನದಿಂದ, ಖಾಲಿ ಹಾದಿಗಳ ನಿಧಾನ ಚಲನೆಯಿಂದ ಕಾಯಿಸಿದರು. ಕ್ಯಾಮರಾನ್ ಯೋಧರ ಬಡಾಯಿಯಿಂದ, ಸಲಕರಣೆ ಜೋಡಿಸುವ ಗದ್ದಲದಿಂದ ಕಾಯಿಸುತ್ತಾರೆ. ಹಡ್ಸನ್ (ಬಿಲ್ ಪ್ಯಾಕ್ಸ್‌ಟನ್) ತನ್ನ ಪಡೆಯ ಶಸ್ತ್ರಬಲವನ್ನು ಕೊಚ್ಚಿಕೊಳ್ಳುತ್ತಾನೆ. ಮುಂದೆ ಮೊದಲು ಧೈರ್ಯಗೆಡುವವನೂ ಅವನೇ.

ಗೂಡಿನ ದಾಳಿಯ ದೃಶ್ಯವನ್ನು ಹತ್ತಿರದಿಂದ ನೋಡಿದರೆ ಈ ಪಲ್ಲಟದ ಕುಸುರಿ ಕಾಣುತ್ತದೆ. ಯೋಧರ ಬಂದೂಕುಗಳು ಹತ್ತು ಮಿಲಿಮೀಟರಿನ ಸ್ಫೋಟಕ ಗುಂಡು ಹಾರಿಸುತ್ತವೆ ಎಂಬ ತಾಂತ್ರಿಕ ವಿವರ ಸಂಭಾಷಣೆಯಲ್ಲಿ ಬರುತ್ತದೆ. ಗೂಡು ಇರುವುದು ಸ್ಥಾವರದ ಶೀತಕ ಕೊಳವೆಗಳ ಕೆಳಗೆ. ಗುಂಡು ತಗುಲಿದರೆ ಸ್ಥಾವರವೇ ಸ್ಫೋಟಿಸಬಹುದು. ಇದನ್ನು ಗಮನಿಸುವುದು ಅಧಿಕಾರಿಯಲ್ಲ, ರಿಪ್ಲಿ. ಸಾರ್ಜೆಂಟ್ ಏಪೋನ್ (ಆಲ್ ಮ್ಯಾಥ್ಯೂಸ್) ಒಳಗೆ ಇಳಿದ ಯೋಧರಿಂದಲೇ ಮದ್ದುಗುಂಡು ಕಸಿದು ಚೀಲಕ್ಕೆ ತುಂಬಿಸುತ್ತಾನೆ. ಇಬ್ಬರು ಗುಟ್ಟಾಗಿ ತಮ್ಮ ಆಯುಧಕ್ಕೆ ಗುಂಡು ತುಂಬಿಕೊಳ್ಳುತ್ತಾರೆ. ಹೀಗೆ, ಇಡೀ ಮೊದಲಾರ್ಧ ಮೆರೆಸಿದ ಆಯುಧಬಲ ಬೇಕಾದ ಗಳಿಗೆಗೆ ನಿಷ್ಪ್ರಯೋಜಕವಾಗುತ್ತದೆ. ದಾಳಿಯ ಬಹುಭಾಗವನ್ನು ನಾವು ನೇರವಾಗಿ ಕಾಣುವುದಿಲ್ಲ. ಯೋಧರ ಶಿರಸ್ತ್ರಾಣದ ಕ್ಯಾಮೆರಾಗಳಿಂದ ಕವಚವಾಹನದ ಪರದೆಗಳಿಗೆ ಬರುವ, ಕದಡಿದ, ಕಡಿದುಹೋಗುವ ಚಿತ್ರಗಳಲ್ಲಿ ಕಾಣುತ್ತೇವೆ. ಯುದ್ಧವನ್ನು ದೂರದ ಪರದೆಯಲ್ಲಿ ನೋಡುತ್ತ ಆಜ್ಞೆ ಕೊಡುವ ಅಧಿಕಾರಿಯ ಅಸಹಾಯಕತೆಗೆ ಇದಕ್ಕಿಂತ ಚುರುಕಾದ ದೃಶ್ಯರೂಪ ಆ ಕಾಲದ ಸಿನಿಮಾದಲ್ಲಿ ಸಿಗುವುದು ಕಷ್ಟ.

ಮೊದಲ ಚಿತ್ರದ ಕೆಲವು ಅಂಶಗಳನ್ನು ಕ್ಯಾಮರಾನ್ ಉದ್ದೇಶಪೂರ್ವಕವಾಗಿ ತಿರುಗಿಸಿದ್ದಾರೆ. ಅಲ್ಲಿ ಯಂತ್ರಮಾನವ ಆ್ಯಶ್ ದ್ರೋಹಿ, ಇಲ್ಲಿ ಯಂತ್ರಮಾನವ ಬಿಷಪ್ ನಂಬಿಗಸ್ತ. ದ್ರೋಹ ಮಾಡುವವನು ಮನುಷ್ಯ. ಅಲ್ಲಿ ಚಲನೆಯನ್ನು ಪತ್ತೆಹಚ್ಚುವ ಉಪಕರಣ ಸಿಬ್ಬಂದಿ ತಾವೇ ಜೋಡಿಸಿಕೊಂಡ ಒರಟು ಸಾಧನ, ಇಲ್ಲಿ ಸೈನ್ಯದ ಅಧಿಕೃತ ಸಲಕರಣೆ. ಎರಡರಲ್ಲೂ ಅದು ಶತ್ರು ಹತ್ತಿರವಾಗುವುದನ್ನು ತಿಳಿಸುತ್ತದೆಯೇ ಹೊರತು ಎಲ್ಲಿಂದ ಬರುತ್ತದೆಂದು ಸರಿಯಾಗಿ ತಿಳಿಸುವುದಿಲ್ಲ. ‘ಏಲಿಯನ್ಸ್’ನಲ್ಲಿ ಜೀವಿಗಳು ಕೋಣೆಯೊಳಗೇ ಇವೆ ಎಂದು ಉಪಕರಣ ತೋರಿಸುತ್ತದೆ, ಕೋಣೆ ಖಾಲಿಯಿರುತ್ತದೆ, ಅವು ಬರುತ್ತಿರುವುದು ಛಾವಣಿಯ ಮೇಲಿನಿಂದ.

ಚೌಕಟ್ಟೂ ಬದಲಾಯಿತು. ‘ಏಲಿಯನ್’ ಅಗಲವಾದ 2.35:1 ಅನುಪಾತದ ಅನಾಮಾರ್ಫಿಕ್ ಚಿತ್ರ, ‘ಏಲಿಯನ್ಸ್’ 1.85:1 ಅನುಪಾತದ್ದು. ಬೆಳಕು ನೀಲಿ ಛಾಯೆಯದು, ಚಿತ್ರದ ಮೇಲ್ಮೈ ಕಾಳುಕಾಳಾಗಿದೆ.

ಅನ್ಯಜೀವಿಯ ಜೀವನಚಕ್ರ

‘ಏಲಿಯನ್’ ಮೂರು ಹಂತಗಳನ್ನು ತೋರಿಸಿತ್ತು: ಮೊಟ್ಟೆಯಿಂದ ಹೊರಬಿದ್ದು ಮುಖಕ್ಕೆ ಅಂಟಿಕೊಳ್ಳುವ ರೂಪ, ಅದು ಒಡಲಲ್ಲಿಟ್ಟ ಭ್ರೂಣ ಎದೆ ಸೀಳಿ ಹೊರಬರುವ ರೂಪ, ನಂತರ ಬೆಳೆದ ಪ್ರಾಣಿ. ಮೊಟ್ಟೆ ಎಲ್ಲಿಂದ ಬಂತು ಎಂಬುದು ಬಗೆಹರಿದಿರಲಿಲ್ಲ. ಚಿತ್ರೀಕರಿಸಿ ಕೈಬಿಟ್ಟ ಒಂದು ದೃಶ್ಯದಲ್ಲಿ, ಹಿಡಿದ ಮನುಷ್ಯರೇ ನಿಧಾನವಾಗಿ ಮೊಟ್ಟೆಯಾಗಿ ಮಾರ್ಪಡುವ ಸೂಚನೆ ಇತ್ತು. 2003ರ ನಿರ್ದೇಶಕರ ಆವೃತ್ತಿಯಲ್ಲಿ ಆ ದೃಶ್ಯ ಮರಳಿ ಸೇರಿತು.

ಕ್ಯಾಮರಾನ್ ಬೇರೊಂದು ಉತ್ತರ ಕೊಟ್ಟರು. ಜೇನ್ನೊಣ, ಇರುವೆಗಳ ಸಮಾಜದಂತೆ ಮೊಟ್ಟೆಯಿಡುವ ಒಂದು ರಾಣಿ ಮತ್ತು ಅದನ್ನು ಕಾಯುವ ಯೋಧಜೀವಿಗಳು. ಇದು ಸೇನಾಕಥನದ ಅಗತ್ಯಕ್ಕೆ ಹೊಂದುತ್ತದೆ: ಎದುರು ಪಕ್ಷಕ್ಕೂ ಶ್ರೇಣಿ ಬಂತು, ನೆಲೆ ಬಂತು, ಕಾಯಬೇಕಾದ ಸಂತಾನ ಬಂತು. ಜೊತೆಗೆ ರಿಪ್ಲಿ-ನ್ಯೂಟ್ ಸಂಬಂಧಕ್ಕೆ ಎದುರು ನಿಲ್ಲುವ ಇನ್ನೊಂದು ತಾಯ್ತನವೂ ಸಿಕ್ಕಿತು. ಕಳೆದದ್ದು ಮೊದಲ ಜೀವಿಯ ನಿಗೂಢತೆ. ಗುಂಡಿಗೆ ಸಾಯುವ, ಎಣಿಸಬಹುದಾದ, ಕೀಟಸಮಾಜದ ನಿಯಮಕ್ಕೆ ಬದ್ಧವಾದ ಪ್ರಾಣಿ ಅದರ ಜಾಗಕ್ಕೆ ಬಂತು. ಮೊದಲ ಚಿತ್ರವನ್ನು ಮೇಲೆಂದು ಎಣಿಸುವ ವಿಮರ್ಶಕರ ಮುಖ್ಯ ಆಕ್ಷೇಪ ಇದೇ, ಮತ್ತು ಅದು ತಳ್ಳಿಹಾಕುವಂಥದ್ದಲ್ಲ.

ನಿರ್ಮಾಣ

ಚಿತ್ರೀಕರಣ 1985ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊದಲ್ಲಿ ಆರಂಭವಾಯಿತು. ವೆಚ್ಚ ಸುಮಾರು 1.85 ಕೋಟಿ ಡಾಲರ್. ತೆರೆಯ ಮೇಲೆ ಕಾಣುವ ಪ್ರಮಾಣಕ್ಕೆ ಇದು ಕಡಿಮೆಯೇ. ಸ್ಥಾವರದ ಒಳಭಾಗ ಮತ್ತು ಗೂಡಿಗೆ ಪಶ್ಚಿಮ ಲಂಡನ್ನಿನ ಆ್ಯಕ್ಟನ್ ಲೇನ್‌ನಲ್ಲಿ ಮುಚ್ಚಿದ್ದ ವಿದ್ಯುತ್ ಸ್ಥಾವರವನ್ನು ಬಳಸಲಾಯಿತು. ಅದೇ ಜಾಗ ಮುಂದೆ ‘ಬ್ಯಾಟ್‌ಮನ್’ (1989) ಚಿತ್ರದ ರಾಸಾಯನಿಕ ಕಾರ್ಖಾನೆಯಾಯಿತು.

ಕಲಾ ನಿರ್ದೇಶನ ಜೇಮ್ಸ್ ಬಾಂಡ್ ಚಿತ್ರಗಳಲ್ಲಿ ಪಳಗಿದ ಪೀಟರ್ ಲಾಮಂಟ್ ಅವರದು. ಸುಲಾಕೊ ನೌಕೆಯ ಕಲ್ಪನೆ ಸಿಡ್ ಮೀಡ್ ಅವರದು. ವಸಾಹತಿನ ಕಟ್ಟಡ, ವಾಹನಗಳ ವಿನ್ಯಾಸದಲ್ಲಿ ಮೊದಲ ಚಿತ್ರದಲ್ಲಿಯೂ ದುಡಿದಿದ್ದ ರಾನ್ ಕಾಬ್ ಕೈಯಿದೆ. ಗೀಗರ್ ಈ ಚಿತ್ರದಲ್ಲಿ ಇರಲಿಲ್ಲ. ಛಾಯಾಗ್ರಾಹಕ ಡಿಕ್ ಬುಷ್ ಆರಂಭದಲ್ಲೇ ನಿರ್ಗಮಿಸಿ ಆ ಜಾಗಕ್ಕೆ ಏಡ್ರಿಯನ್ ಬಿಡ್ಲ್ ಬಂದರು. ಹಿಕ್ಸ್ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದ ಜೇಮ್ಸ್ ರೆಮಾರ್ ಬದಲು ಮೈಕೆಲ್ ಬೀನ್ ಬಂದರು. ಹಾಲಿವುಡ್‌ನಲ್ಲಿ ಇನ್ನೂ ಹೊಸಬರಾಗಿದ್ದ ನಿರ್ದೇಶಕರಿಗೂ ಬ್ರಿಟಿಷ್ ತಂತ್ರಜ್ಞರಿಗೂ ಕೆಲಸದ ವೇಳೆ, ಚಹಾ ವಿರಾಮದಿಂದ ಹಿಡಿದು ಹಲವು ವಿಷಯಗಳಲ್ಲಿ ತಿಕ್ಕಾಟ ನಡೆದದ್ದು ಚಿತ್ರದಷ್ಟೇ ಪ್ರಸಿದ್ಧ.

ಯೋಧರ ಪಾತ್ರಧಾರಿಗಳಿಗೆ ಬ್ರಿಟನ್ನಿನ ವಿಶೇಷ ಪಡೆಯಾದ ಎಸ್‌ಎಎಸ್‌ನವರಿಂದ ತರಬೇತಿ ಕೊಡಿಸಲಾಯಿತು. ವೀವರ್, ರೈಸರ್ ಮತ್ತು ಗೊರ್ಮನ್ ಪಾತ್ರದ ವಿಲಿಯಂ ಹೋಪ್ ಅವರನ್ನು ಅದರಿಂದ ಬೇಕೆಂದೇ ಹೊರಗಿಡಲಾಯಿತು; ತುಕಡಿಯೊಳಗಿನವರು ಮತ್ತು ಹೊರಗಿನವರು ಎಂಬ ಭೇದ ನಟನೆಯಲ್ಲಿ ಸಹಜವಾಗಿ ಮೂಡಲಿ ಎಂಬುದು ಉದ್ದೇಶ. ಏಪೋನ್ ಪಾತ್ರದ ಮ್ಯಾಥ್ಯೂಸ್ ನಿಜಜೀವನದಲ್ಲಿ ವಿಯೆಟ್ನಾಂನಲ್ಲಿ ಹೋರಾಡಿದ ಅಮೆರಿಕದ ಮರೀನ್. ನಟರು ತಂತಮ್ಮ ಎದೆಕವಚದ ಮೇಲೆ ತಾವೇ ಚಿತ್ರ, ಬರಹ ಬಿಡಿಸಿಕೊಂಡರು. ವಿಯೆಟ್ನಾಂನ ಅಮೆರಿಕನ್ ಸೈನಿಕರಲ್ಲಿದ್ದ ಅಭ್ಯಾಸ ಅದು.

ಆಯುಧಗಳು ಮತ್ತು ವಾಹನಗಳು

ಭವಿಷ್ಯದ ಶಸ್ತ್ರಗಳನ್ನು ಹಳೆಯ ಶಸ್ತ್ರಗಳಿಂದ ಕಟ್ಟಲಾಯಿತು. ‘ಪಲ್ಸ್ ರೈಫಲ್’ನ ಹೊಟ್ಟೆಯಲ್ಲಿ ಇರುವುದು ಎರಡನೇ ಮಹಾಯುದ್ಧ ಕಾಲದ ಥಾಂಪ್ಸನ್ ಸಬ್‌ಮಷಿನ್ ಗನ್, ಅದರ ಕೆಳಗೆ ಗ್ರೆನೇಡ್ ಹಾರಿಸುವ ಭಾಗವಾಗಿ ರೆಮಿಂಗ್ಟನ್ 870 ಬಂದೂಕಿನ ತುಂಡು. ಉಳಿದ ಗುಂಡುಗಳ ಸಂಖ್ಯೆಯನ್ನು ಕೆಂಪು ಅಂಕಿಗಳಲ್ಲಿ ತೋರಿಸುವ ಪುಟ್ಟ ಫಲಕ ಪಕ್ಕದಲ್ಲಿದೆ. ಈ ಫಲಕ ಕಥನದ ಉಪಕರಣವೂ ಹೌದು: ಕೊನೆಯಲ್ಲಿ ರಿಪ್ಲಿಯ ಬಂದೂಕಿನ ಅಂಕಿ ಇಳಿಯುವುದೇ ಅವಳಿಗೆ ಉಳಿದ ಕಾಲದ ಅಳತೆ. ತುಕಡಿಯ ಯೋಧರಾದ ವಾಸ್ಕೆಸ್ (ಜೆನೆಟ್ ಗೋಲ್ಡ್‌ಸ್ಟೀನ್) ಮತ್ತು ಡ್ರೇಕ್ ಹೊರುವ ‘ಸ್ಮಾರ್ಟ್‌ಗನ್’ ಜರ್ಮನಿಯ ಎಂಜಿ-42 ಮಷಿನ್ ಗನ್. ಅದನ್ನು ಕ್ಯಾಮೆರಾ ಹೊರಲು ಬಳಸುವ ಸ್ಟೆಡಿಕ್ಯಾಮ್ ತೋಳಿಗೆ ಸಿಕ್ಕಿಸಲಾಗಿದೆ. ಅವರಿಬ್ಬರ ತೇಲುವಂಥ ನಡಿಗೆಗೆ ಕಾರಣ ಆ ತೋಳು.

ಕವಚವಾಹನ ಮೂಲತಃ ವಿಮಾನ ನಿಲ್ದಾಣದಲ್ಲಿ ವಿಮಾನಗಳನ್ನು ಎಳೆಯುವ ಹನ್ಸ್‌ಲೆಟ್ ಟ್ರಾಕ್ಟರ್. ಹೆಚ್ಚುವರಿ ತೂಕ ಕಳಚಿ, ಹೊರಕವಚ ತೊಡಿಸಿ ಅದನ್ನು ಓಡಿಸಲಾಯಿತು. ರಿಪ್ಲಿ ಓಡಿಸುವ ಭಾರ ಎತ್ತುವ ಯಂತ್ರವನ್ನು ನಿಜವಾಗಿ ನಡೆಸಿದ್ದು ಅದರೊಳಗೆ ಅವಳ ಹಿಂದೆ ಮರೆಯಾಗಿ ನಿಂತ ಒಬ್ಬ ಸಾಹಸ ಕಲಾವಿದ. ಕಥೆಯಲ್ಲಿ ಈ ಯಂತ್ರದ ಸ್ಥಾನ ಗಮನಾರ್ಹ: ಸೈನ್ಯದ ಆಯುಧಗಳೆಲ್ಲ ಸೋತ ಮೇಲೆ ಗೆಲ್ಲುವುದು ಗೋದಾಮಿನ ಕೆಲಸದ ಯಂತ್ರ, ಅದನ್ನು ಓಡಿಸಲು ಬಲ್ಲ ಕೆಲಸಗಾರ್ತಿ. ಮೊದಲ ಚಿತ್ರದ ಕೂಲಿಗಳ ಲೋಕ ಇಲ್ಲಿ ಹೀಗೆ ಮತ್ತೆ ತಲೆಯೆತ್ತುತ್ತದೆ.

ಜೀವಿಗಳ ತಯಾರಿ ಮತ್ತು ದೃಶ್ಯಪರಿಣಾಮ

ಜೀವಿಗಳನ್ನು ಸ್ಟಾನ್ ವಿನ್‌ಸ್ಟನ್ ಮತ್ತು ಅವರ ತಂಡ ತಯಾರಿಸಿತು. ಮೊದಲ ಚಿತ್ರದ ಜೀವಿಯ ತಲೆಯ ಮೇಲಿದ್ದ ಅರೆಪಾರದರ್ಶಕ ಹೊದಿಕೆಯನ್ನು ತೆಗೆದು ಏಣುಗಳಿರುವ ಬುರುಡೆ ಕಾಣುವಂತೆ ಮಾಡಲಾಯಿತು. ಓಡಾಟಕ್ಕೆ ಅಡ್ಡಿಯಾಗದ ಹಗುರ ಉಡುಪುಗಳನ್ನು ನೃತ್ಯಪಟುಗಳು, ಸಾಹಸ ಕಲಾವಿದರು ತೊಟ್ಟರು. ಉಡುಪುಗಳ ಸಂಖ್ಯೆ ಬೆರಳೆಣಿಕೆಯಷ್ಟು. ನೂರಾರು ಜೀವಿಗಳಿವೆ ಎಂಬ ಭಾವನೆ ಹುಟ್ಟಿದ್ದು ಸಂಕಲನ ಮತ್ತು ಬೆಳಕಿನಿಂದ.

ರಾಣಿಯ ರೂಪವನ್ನು ಕ್ಯಾಮರಾನ್ ಸ್ವತಃ ಬರೆದು ಕೊಟ್ಟಿದ್ದರು. ಪೂರ್ಣಗಾತ್ರದ ಗೊಂಬೆಯ ಎತ್ತರ ಸುಮಾರು 14 ಅಡಿ. ಮುಂಡದೊಳಗೆ ಇಬ್ಬರು ಕುಳಿತು ತೋಳುಗಳನ್ನು ಆಡಿಸಿದರೆ, ತಲೆ ಮತ್ತು ತುಟಿಗಳನ್ನು ಹೈಡ್ರಾಲಿಕ್, ಕೇಬಲ್‌ಗಳ ಮೂಲಕ ಹೊರಗಿನಿಂದ ನಡೆಸಲಾಗುತ್ತಿತ್ತು. ಇಡೀ ಗೊಂಬೆ ಕ್ರೇನ್‌ನಿಂದ ತೂಗುತ್ತಿತ್ತು. ಕೆಲವು ಹೊಡೆದಾಟದ ತುಣುಕುಗಳಲ್ಲಿ ಸಣ್ಣ ಮಾದರಿಗಳಿವೆ.

ನೌಕೆ, ವಸಾಹತು, ವಿಮಾನಗಳ ಪುಟ್ಟ ಮಾದರಿಗಳ ಕೆಲಸ ರಾಬರ್ಟ್ ಮತ್ತು ಡೆನಿಸ್ ಸ್ಕೊಟಾಕ್ ಸೋದರರದು. ಹಿಂಬದಿಯ ಪರದೆಗೆ ಚಿತ್ರ ಹಾಯಿಸಿ ಮುಂದೆ ನಟರನ್ನು ನಿಲ್ಲಿಸುವ ಹಳೆಯ ವಿಧಾನವನ್ನು ಧಾರಾಳವಾಗಿ ಬಳಸಲಾಯಿತು. ಶೀತನಿದ್ರೆಯ ಕೋಣೆಯಲ್ಲಿ ಕೆಲವೇ ಪೆಟ್ಟಿಗೆಗಳನ್ನು ಕಟ್ಟಿ ಉಳಿದ ಸಾಲನ್ನು ಕನ್ನಡಿಯಿಂದ ತೋರಿಸಲಾಗಿದೆ. ಗಣಕಚಿತ್ರಗಳು ಬರುವ ಮುನ್ನಿನ ಕೈಚಳಕದ ಸಿನಿಮಾ ತಂತ್ರ ಇಲ್ಲಿ ತನ್ನ ತುದಿ ಮುಟ್ಟಿದೆ.

ಸಂಗೀತ ಮತ್ತು ಸಂಕಲನ

ಮೊದಲ ಚಿತ್ರಕ್ಕೆ ಸಂಗೀತ ನೀಡಿದವರು ಜೆರಿ ಗೋಲ್ಡ್‌ಸ್ಮಿತ್. ಎರಡನೆಯದಕ್ಕೆ ಜೇಮ್ಸ್ ಹಾರ್ನರ್. ಹಾರ್ನರ್ ಲಂಡನ್ನಿಗೆ ಬಂದಾಗ ಸಂಕಲನ ಮುಗಿದಿರಲಿಲ್ಲ. ಕೆಲವೇ ವಾರಗಳಲ್ಲಿ ಸಂಗೀತ ಬರೆದು ಲಂಡನ್ ಸಿಂಫನಿ ಆರ್ಕೆಸ್ಟ್ರಾದಿಂದ ನುಡಿಸಬೇಕಾಯಿತು. ಸೇನಾ ಮೆರವಣಿಗೆಯ ಡೋಲು ಮತ್ತು ಹಿತ್ತಾಳೆ ವಾದ್ಯಗಳು ಪ್ರಕಾರದ ಬದಲಾವಣೆಯನ್ನು ಕಿವಿಗೂ ತಿಳಿಸುತ್ತವೆ. ಆರಂಭದ ನಿಶ್ಚಲ ದೃಶ್ಯಗಳಲ್ಲಿ ಖಚತುರಿಯನ್ ಅವರ ‘ಗಯಾನೆ’ ನೃತ್ಯನಾಟಕದ ನಿಧಾನಗತಿಯ ಭಾಗದ ಛಾಯೆ ಕೇಳುತ್ತದೆ. ಸಂಕಲನಕಾರ ‘2001: ಎ ಸ್ಪೇಸ್ ಒಡಿಸ್ಸಿ’ಗೆ ದುಡಿದ ರೇ ಲವ್‌ಜಾಯ್. ಹಾರ್ನರ್ ಬರೆದ ಒಂದು ತುಣುಕು ಈ ಚಿತ್ರದಲ್ಲಿ ಬಳಕೆಯಾಗದೆ ‘ಡೈ ಹಾರ್ಡ್’ (1988) ಚಿತ್ರದ ಕೊನೆಯಲ್ಲಿ ಸೇರಿಕೊಂಡಿತು. ಅವಸರದಿಂದ ಮನಸ್ತಾಪಕ್ಕೆ ಬಿದ್ದ ನಿರ್ದೇಶಕ ಮತ್ತು ಸಂಗೀತಗಾರ ಮತ್ತೆ ಒಂದಾದದ್ದು ‘ಟೈಟಾನಿಕ್’ (1997) ಚಿತ್ರಕ್ಕೆ.

ಆವೃತ್ತಿಗಳು

ಚಿತ್ರಮಂದಿರದ ಆವೃತ್ತಿಯ ಅವಧಿ 137 ನಿಮಿಷ. 1990ರ ದಶಕದ ಆರಂಭದಲ್ಲಿ ಲೇಸರ್‌ಡಿಸ್ಕ್‌ನಲ್ಲಿ ಬಂದ ವಿಶೇಷ ಆವೃತ್ತಿ 154 ನಿಮಿಷದ್ದು. ಮುಖ್ಯ ಸೇರ್ಪಡೆಗಳು ಮೂರು: ದುರಂತಕ್ಕೆ ಮುನ್ನ ಜನರಿಂದ ತುಂಬಿದ್ದ ವಸಾಹತು ಮತ್ತು ನ್ಯೂಟ್ ಕುಟುಂಬ ಮೊಟ್ಟೆಗಳಿರುವ ನೌಕೆಯನ್ನು ಕಾಣುವುದು, ಸ್ವಯಂಚಾಲಿತ ಕಾವಲು ಬಂದೂಕುಗಳ ದೃಶ್ಯ, ರಿಪ್ಲಿಯ ಮಗಳ ಪ್ರಸ್ತಾಪ. ಹನ್ನೊಂದನೇ ಹುಟ್ಟುಹಬ್ಬಕ್ಕೆ ಮನೆಗೆ ಬರುವೆನೆಂದು ಮಾತು ಕೊಟ್ಟ ತಾಯಿ ಮರಳುವ ಹೊತ್ತಿಗೆ ಮಗಳು ಅಮಾಂಡಾ 66ನೇ ವಯಸ್ಸಿನಲ್ಲಿ ತೀರಿಕೊಂಡಿರುತ್ತಾಳೆ. ತೆರೆಯ ಮೇಲೆ ಕಾಣುವ ಆ ಮುದುಕಿಯ ಭಾವಚಿತ್ರ ವೀವರ್ ಅವರ ತಾಯಿ, ನಟಿ ಎಲಿಜಬೆತ್ ಇಂಗ್ಲಿಸ್ ಅವರದು. ರಿಪ್ಲಿ ನ್ಯೂಟ್‌ಗಾಗಿ ಗೂಡಿಗೆ ಇಳಿಯುವುದಕ್ಕೆ ಈ ದೃಶ್ಯ ಗಟ್ಟಿ ಕಾರಣ ಒದಗಿಸುತ್ತದೆ. ವಸಾಹತಿನ ಮೊದಲ ದೃಶ್ಯ ಮಾತ್ರ ನಷ್ಟವನ್ನೂ ತರುತ್ತದೆ: ಅಲ್ಲೇನಾಯಿತೆಂದು ಯೋಧರ ಜೊತೆಗೇ ತಿಳಿಯಬೇಕಾದ ಪ್ರೇಕ್ಷಕರಿಗೆ ಅದು ಮೊದಲೇ ತಿಳಿದುಹೋಗುತ್ತದೆ.

ಸ್ವಾಗತ ಮತ್ತು ಪ್ರಶಸ್ತಿಗಳು

ಅಮೆರಿಕ ಮತ್ತು ಕೆನಡಾದಲ್ಲಿಯೇ ಚಿತ್ರ ಸುಮಾರು 8.5 ಕೋಟಿ ಡಾಲರ್ ಗಳಿಸಿತು. 1986ರ ಜುಲೈ 28ರ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಚಿತ್ರ ಕಾಣಿಸಿಕೊಂಡಿತು. ಏಳು ಆಸ್ಕರ್ ನಾಮನಿರ್ದೇಶನಗಳಲ್ಲಿ ದೃಶ್ಯಪರಿಣಾಮ ಮತ್ತು ಧ್ವನಿಪರಿಣಾಮ ಸಂಕಲನದ ಪ್ರಶಸ್ತಿಗಳು ದಕ್ಕಿದವು. ವೀವರ್ ಅತ್ಯುತ್ತಮ ನಟಿ ವಿಭಾಗಕ್ಕೆ ನಾಮನಿರ್ದೇಶನಗೊಂಡರು. ಸಾಹಸಪ್ರಧಾನ ವೈಜ್ಞಾನಿಕ ಚಿತ್ರದ ಪಾತ್ರಕ್ಕೆ ಆ ಮನ್ನಣೆ ಅಪರೂಪ. ಹ್ಯೂಗೊ ಪ್ರಶಸ್ತಿ, ದೃಶ್ಯಪರಿಣಾಮಕ್ಕೆ ಬಾಫ್ಟಾ, ಎಂಟು ಸ್ಯಾಟರ್ನ್ ಪ್ರಶಸ್ತಿಗಳು ಬಂದವು. ಹಿಂದೆ ನಟಿಸಿಯೇ ಇರದಿದ್ದ ಕ್ಯಾರಿ ಹೆನ್‌ಗೂ ಸ್ಯಾಟರ್ನ್ ಸಂದಿತು.

ಬಂದೂಕುಗಳನ್ನು ವಿರೋಧಿಸುವ ವೀವರ್‌ಗೆ ರಿಪ್ಲಿ ಬಂದೂಕು ಹಿಡಿಯುವುದು ಕಸಿವಿಸಿಯ ವಿಷಯವಾಗಿತ್ತು. ವಿಮರ್ಶೆಯಲ್ಲಿ ಚರ್ಚೆ ಎರಡು ದಿಕ್ಕಿಗೆ ಹರಿದಿದೆ. ಯುದ್ಧಚಿತ್ರದ ಕೇಂದ್ರದಲ್ಲಿ ಹೆಣ್ಣನ್ನು ನಿಲ್ಲಿಸಿದ ಹೆಚ್ಚುಗಾರಿಕೆ ಒಂದು ಕಡೆ. ಅವಳ ಶೌರ್ಯಕ್ಕೆ ತಾಯ್ತನದ ಸಮರ್ಥನೆ ಬೇಕಾಯಿತೇ ಎಂಬ ಪ್ರಶ್ನೆ ಇನ್ನೊಂದು ಕಡೆ. ಲ್ಯಾಟಿನಾ ಯೋಧೆ ವಾಸ್ಕೆಸ್ ಪಾತ್ರವನ್ನು ಯಹೂದಿ ಮೂಲದ ನಟಿ ಮೈಬಣ್ಣ ಗಾಢಗೊಳಿಸಿಕೊಂಡು ಮಾಡಿದ್ದೂ ಟೀಕೆಗೆ ಗುರಿಯಾಗಿದೆ.

ಪ್ರಭಾವ

ಆಮೇಲಿನ ಸೇನಾ ವೈಜ್ಞಾನಿಕ ಸಿನಿಮಾ ಮತ್ತು ವಿಡಿಯೊ ಗೇಮ್‌ಗಳು ತಮ್ಮ ಸೈನಿಕರ ವೇಷ, ಮಾತು, ವಾಹನಗಳನ್ನು ಬಹಳಮಟ್ಟಿಗೆ ಇಲ್ಲಿಂದ ಪಡೆದವು. ‘ಡೂಮ್’ (1993) ಆಟವನ್ನು ಮೊದಲು ‘ಏಲಿಯನ್ಸ್’ ಪರವಾನಗಿಯಲ್ಲಿಯೇ ಮಾಡುವ ಆಲೋಚನೆ ಅದರ ನಿರ್ಮಾಪಕರಿಗಿತ್ತು. ‘ಸ್ಟಾರ್‌ಕ್ರಾಫ್ಟ್’ (1998) ಆಟದ ಮಾನವ ಪಡೆ, ‘ಹೇಲೊ’ (2001) ಆಟದ ಸಾರ್ಜೆಂಟ್ ಜಾನ್ಸನ್ ಈ ಚಿತ್ರದ ಋಣ ಹೊತ್ತವು. ಡಾರ್ಕ್ ಹಾರ್ಸ್ ಸಂಸ್ಥೆ 1988ರಿಂದ ಪ್ರಕಟಿಸಿದ ಕಾಮಿಕ್ಸ್ ಮಾಲಿಕೆ ನ್ಯೂಟ್ ಮತ್ತು ಹಿಕ್ಸ್ ಕಥೆಯನ್ನು ಮುಂದುವರಿಸಿತ್ತು.

ಸರಣಿ ಮಾತ್ರ ಬೇರೆ ದಾರಿ ಹಿಡಿಯಿತು. ಡೇವಿಡ್ ಫಿಂಚರ್ ನಿರ್ದೇಶನದ ‘ಏಲಿಯನ್ 3’ (1992) ಆರಂಭದಲ್ಲೇ ನ್ಯೂಟ್ ಮತ್ತು ಹಿಕ್ಸ್ ಇಬ್ಬರನ್ನೂ ಸಾಯಿಸಿ, ರಿಪ್ಲಿಯನ್ನು ಬಂದೂಕುಗಳೇ ಇಲ್ಲದ ಸೆರೆಮನೆ ಗ್ರಹಕ್ಕೆ ಇಳಿಸಿತು. ಜೀವಿ ಮತ್ತೆ ಒಂದೇ ಆಯಿತು. ಪ್ರತಿ ಭಾಗವೂ ಹಿಂದಿನದರ ಶೈಲಿಯನ್ನು ಬಿಡುವುದು ಸರಣಿಯ ಪದ್ಧತಿಯಾದದ್ದು ಇಲ್ಲಿಂದ.

ಇಂದಿನ ಸ್ಥಿತಿ

2019ರಲ್ಲಿ ಫಾಕ್ಸ್ ಡಿಸ್ನಿಯ ವಶವಾದಾಗ ಸರಣಿಯ ಹಕ್ಕುಗಳೂ ಅದರ ಜೊತೆ ಹೋದವು. ಎರಡು ಚಿತ್ರಗಳ ಎರಡು ಶೈಲಿಗಳು ಈಗ ಪ್ರತ್ಯೇಕ ಪರಂಪರೆಗಳಾಗಿ ಬೆಳೆಯುತ್ತಿವೆ, ವಿಡಿಯೊ ಗೇಮ್‌ಗಳಲ್ಲಿ ಇದು ಹೆಚ್ಚು ಸ್ಪಷ್ಟ. ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’ (2013), ‘ಏಲಿಯನ್ಸ್: ಫೈರ್‌ಟೀಮ್ ಎಲೀಟ್’ (2021), ‘ಏಲಿಯನ್ಸ್: ಡಾರ್ಕ್ ಡಿಸೆಂಟ್’ (2023) ಯೋಧರ ತುಕಡಿಗಳ ಆಟಗಳು. ರಿಪ್ಲಿಯ ಮಗಳು ಅಮಾಂಡಾಳನ್ನು ನಾಯಕಿಯಾಗಿಸಿಕೊಂಡ ‘ಏಲಿಯನ್: ಐಸೊಲೇಷನ್’ (2014) ಮೊದಲ ಚಿತ್ರದ ಒಂಟಿ ಭಯಕ್ಕೆ ಮರಳಿತು. ಹೆಸರಿನಲ್ಲಿ ಏಕವಚನ ಇದೆಯೇ ಬಹುವಚನ ಇದೆಯೇ ಎಂದು ನೋಡಿದರೆ ಆಟದ ಬಗೆ ಹೆಚ್ಚುಕಡಿಮೆ ತಿಳಿಯುತ್ತದೆ.

2024ರಲ್ಲಿ ಚಿತ್ರದ 4ಕೆ ಡಿಸ್ಕ್ ಬಿಡುಗಡೆಯಾಯಿತು. ಮೂಲದ ಕಾಳುಕಾಳಾದ ಮೇಲ್ಮೈಯನ್ನು ಡಿಜಿಟಲ್ ಸಂಸ್ಕರಣೆಯಿಂದ ನಯಗೊಳಿಸಿದ್ದಕ್ಕೆ ಸಂಗ್ರಾಹಕರು ಆಕ್ಷೇಪಿಸಿದರು. ಅದೇ ವರ್ಷ ಫೆಡೆ ಆಲ್ವಾರೆಜ್ ನಿರ್ದೇಶನದ ‘ಏಲಿಯನ್: ರಾಮ್ಯುಲಸ್’ ತೆರೆಕಂಡಿತು, ಅದರ ಕಥೆ ನಡೆಯುವುದು 2142ರಲ್ಲಿ, ಅಂದರೆ ರಿಪ್ಲಿ ಶೀತನಿದ್ರೆಯಲ್ಲಿದ್ದ 57 ವರ್ಷಗಳ ಅವಧಿಯಲ್ಲಿ. ಎಲ್‌ವಿ-426 ಎಂಬ ಹೆಸರಿನ ಅಂಕಿಗಳನ್ನು ಹಿಡಿದು ಏಪ್ರಿಲ್ 26ನ್ನು 2016ರಿಂದ ‘ಏಲಿಯನ್ ದಿನ’ವಾಗಿ ಆಚರಿಸಲಾಗುತ್ತಿದೆ.